ಮುದ್ರಕ ಫ್ರ್ಯಾಂಕ್ಲಿನ್‌ನ ಉಯಿಲು: ಚಕ್ರಬಡ್ಡಿ ಎಲ್ಲಿ ಸವೆಯಿತು?

ಬೆಂಜಮಿನ್ ಫ್ರ್ಯಾಂಕ್ಲಿನ್ 1788ರ ಜುಲೈ 17ರಂದು ಉಯಿಲು ಮಾಡಿದಾಗ ತನ್ನ ಹೆಸರಿನ ಪಕ್ಕದಲ್ಲಿ ಮೊದಲು ಹಾಕಿಕೊಂಡ ಗುರುತು ‘ಮುದ್ರಕ’ ಎಂದು. ಫ್ರಾನ್ಸಿನ ರಾಯಭಾರ, ಪೆನ್ಸಿಲ್ವೇನಿಯಾದ ಅಧ್ಯಕ್ಷ ಪದವಿ ಎಲ್ಲ ಆಮೇಲೆ. ಇಡೀ ಪತ್ರ ಓದಿದರೂ ಕಾಣುವುದು ಅಂಗಡಿ ನಡೆಸಿದವನ ಬುದ್ಧಿಯೇ: ಯಾರಿಂದ ಎಷ್ಟು ಬರಬೇಕು, ಯಾವ ಸಾಮಾನು ಯಾರ ಕೈಯಲ್ಲಿದೆ, ಯಾವ ಬಾಕಿಯನ್ನು ಬಿಟ್ಟುಬಿಡುವುದು ಲೇಸು.

ಮನೆಯವರ ಭಾಗವನ್ನು ಬೇಗ ನೋಡಿಬಿಡೋಣ. ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ಹಿಡಿದ ಮಗ ವಿಲಿಯಮ್‌ಗೆ ಸಿಕ್ಕಿದ್ದು ನೋವಾ ಸ್ಕೋಷಿಯಾದ ಜಮೀನು, ಆಗಲೇ ಅವನ ಬಳಿಯಿದ್ದ ಪುಸ್ತಕ ಮತ್ತು ಕಾಗದಗಳು, ಹಳೆಯ ಸಾಲದ ಮನ್ನಾ, ಅಷ್ಟೇ. ಯಾಕೆ ಇಷ್ಟೇ ಎಂಬುದನ್ನೂ ಅಪ್ಪ ಅಲ್ಲೇ ಬರೆದಿಟ್ಟಿದ್ದಾನೆ. ಒಬ್ಬ ವಾರಸುದಾರನಿಗೆ ಕಡಿಮೆ ಕೊಡುವಾಗ ಕಾರಣವನ್ನು ಒಂದೇ ವಾಕ್ಯದಲ್ಲಿ ದಾಖಲಿಸುವುದು ಒಳ್ಳೆಯ ಪದ್ಧತಿ. ಮರೆವಿನಿಂದ ಆದದ್ದು ಎಂಬ ವಾದಕ್ಕೆ ಆಮೇಲೆ ಎಡೆಯಿರುವುದಿಲ್ಲ. ಅಚ್ಚುಮೊಳೆ, ಮುದ್ರಣದ ಸಲಕರಣೆಗಳು ಅದೇ ಕಸುಬು ಕಲಿತಿದ್ದ ಮೊಮ್ಮಗ ಬೆಂಜಮಿನ್ ಫ್ರ್ಯಾಂಕ್ಲಿನ್ ಬೇಚ್‌ಗೆ ಹೋದವು.

ಎರಡು ಕಡೆ ಆತ ಷರತ್ತು ಹಾಕದೆ ಬರೀ ಕೋರಿಕೆ ಇಟ್ಟ. ಅಳಿಯ ರಿಚರ್ಡ್ ಬೇಚ್ ಕೊಡಬೇಕಿದ್ದ 2,172 ಪೌಂಡ್ 5 ಶಿಲಿಂಗ್ ಮನ್ನಾ ಮಾಡಿ, ಅದಕ್ಕೆ ಪ್ರತಿಯಾಗಿ ಅಳಿಯನು ತನ್ನ ಬಳಿಯಿದ್ದ ಬಾಬ್ ಎಂಬ ಗುಲಾಮನನ್ನು ಬಿಡುಗಡೆ ಮಾಡಲಿ ಎಂದು ಕೇಳಿಕೊಂಡ. ಫ್ರಾನ್ಸಿನ ದೊರೆ ಕೊಟ್ಟಿದ್ದ, 408 ವಜ್ರಗಳ ಚೌಕಟ್ಟಿನ ಪುಟ್ಟ ಭಾವಚಿತ್ರವನ್ನು ಮಗಳು ಸಾರಾಗೆ ಕೊಟ್ಟು, ಆ ವಜ್ರಗಳಲ್ಲಿ ಒಡವೆ ಮಾಡಿಸಬೇಡ ಎಂದ. ಆಕೆ ಒಡವೆಯನ್ನೇನೋ ಮಾಡಿಸಲಿಲ್ಲ. ಹೊರಸುತ್ತಿನ ವಜ್ರಗಳನ್ನು ಮಾರಿ ಗಂಡನೊಂದಿಗೆ ಇಂಗ್ಲೆಂಡಿಗೆ ಹೋಗಿಬಂದಳು. ಉಯಿಲಿನ ಕೋರಿಕೆಗೆ ಮರ್ಯಾದೆಯ ಬಲ ಮಾತ್ರ. ಕಟ್ಟಿಹಾಕಲೇಬೇಕು ಎಂದಿದ್ದರೆ, ‘ಹೀಗೆ ಮಾಡದಿದ್ದರೆ ಆಸ್ತಿ ಇಂಥವರಿಗೆ ಹೋಗತಕ್ಕದ್ದು’ ಎಂದು ಬರೆಯಬೇಕು.

ಲೆಡ್ಜರ್ ‘ಇ’ (E) ಎಂಬ ಲೆಕ್ಕದ ಪುಸ್ತಕದ ವಿಷಯ ಇನ್ನೂ ಸ್ವಾರಸ್ಯದ್ದು. 1757ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುನ್ನ ನಡೆಸುತ್ತಿದ್ದ ವ್ಯಾಪಾರದ ಬಾಕಿಗಳು ಆ ದೊಡ್ಡ ಪುಸ್ತಕದಲ್ಲಿದ್ದವು. ಕಾಲಮಿತಿ ಮೀರಿದ್ದರಿಂದ ನ್ಯಾಯಾಲಯದಲ್ಲಿ ವಸೂಲಾಗುವಂಥವಲ್ಲ. ಆದರೂ ನ್ಯಾಯವಾದ ಸಾಲಗಳೇ ಎಂದು ಹೇಳಿ ಅವನ್ನೆಲ್ಲ ಪೆನ್ಸಿಲ್ವೇನಿಯಾ ಆಸ್ಪತ್ರೆಗೆ ದಾನ ಮಾಡಿದ. ಸಾಲಗಾರರಲ್ಲಿ ಅನೇಕರು ತೀರಿಕೊಂಡಿದ್ದರು, ಮೊತ್ತಗಳೂ ಚಿಲ್ಲರೆ. ಆಸ್ಪತ್ರೆ ಕೊನೆಗೆ ಪುಸ್ತಕವನ್ನು ಹಿಂದಿರುಗಿಸಿತು. ಮೂವತ್ತು ವರ್ಷದ ಹಳೆ ಬಾಕಿಯನ್ನು ದಾನ ಕೊಟ್ಟರೆ ಪಡೆದವರಿಗೆ ಸಿಗುವುದು ವಸೂಲಿಯ ಕೆಲಸ, ಹಣವಲ್ಲ.

ನಿಜವಾದ ಸರಕು ಇರುವುದು 1789ರ ಜೂನ್ 23ರ ಪೂರಕ ಉಯಿಲಿನಲ್ಲಿ. ಸರ್ಕಾರಿ ಹುದ್ದೆಯಿಂದ ಯಾರೂ ಸಂಪಾದನೆ ಮಾಡಬಾರದು ಎಂಬುದು ಆತನ ನಂಬಿಕೆ. ಅಧ್ಯಕ್ಷ ಪದವಿಯ ಸಂಬಳದಿಂದ ಉಳಿಸಿದ್ದ 2,000 ಪೌಂಡನ್ನು ಮೊದಲ ಉಯಿಲಿನಲ್ಲಿ ಸ್ಕೂಲ್‌ಕಿಲ್ ನದಿಯಲ್ಲಿ ದೋಣಿ ಸಂಚಾರ ಸಾಧ್ಯವಾಗಿಸಲೆಂದು ಇಟ್ಟಿದ್ದ. ಆ ಕೆಲಸಕ್ಕೆ ಇಷ್ಟು ಹಣ ಸಾಲದು ಎಂದು ಮನಸ್ಸು ಬದಲಿಸಿ, ಹುಟ್ಟಿದೂರು ಬಾಸ್ಟನ್‌ಗೆ 1,000, ಬದುಕು ಕಟ್ಟಿಕೊಂಡ ಫಿಲಡೆಲ್ಫಿಯಾಗೆ 1,000 ಎಂದು ಹಂಚಿದ. ಹಣ ಸಾಲವಾಗಿ ಓಡಾಡಬೇಕು. ಪಡೆಯುವವ 25 ವರ್ಷದೊಳಗಿನ, ಮದುವೆಯಾದ, ಅದೇ ಊರಿನಲ್ಲಿ ಅಪ್ರೆಂಟಿಸ್ ಆಗಿ ಕಸುಬು ಕಲಿತು ಮುಗಿಸಿದ ಕುಶಲಕರ್ಮಿಯಾಗಿರಬೇಕು. ಕನಿಷ್ಠ ಇಬ್ಬರು ಗೌರವಸ್ಥರು ನಡತೆಗೆ ಸಾಕ್ಷಿ ಹೇಳಿ ಜಾಮೀನು ನಿಲ್ಲಬೇಕು. ಒಬ್ಬನಿಗೆ 15 ಪೌಂಡಿಗೆ ಕಡಿಮೆಯಿಲ್ಲ, 60ಕ್ಕೆ ಮೀರುವಂತಿಲ್ಲ. ಬಡ್ಡಿ ಶೇ. 5, ಪ್ರತಿ ವರ್ಷ ಅಸಲಿನ ಹತ್ತನೇ ಒಂದು ಭಾಗ ಮತ್ತು ಆ ವರ್ಷದ ಬಡ್ಡಿ ಕಟ್ಟಬೇಕು. ಮೇಲ್ವಿಚಾರಕರಿಗೆ ಸಂಬಳವಿಲ್ಲ. ತಾನೂ ಫಿಲಡೆಲ್ಫಿಯಾದಲ್ಲಿ ಇಬ್ಬರು ಗೆಳೆಯರ ಕೈಸಾಲದಿಂದ ಅಂಗಡಿ ಇಟ್ಟವನು ಎಂದು ಕಾರಣವನ್ನೂ ಕೊಟ್ಟಿದ್ದಾನೆ.

60 ಪೌಂಡ್ ಪಡೆದವನು ಮೊದಲ ವರ್ಷ 6 ಪೌಂಡ್ ಅಸಲು, 3 ಪೌಂಡ್ ಬಡ್ಡಿ, ಒಟ್ಟು 9 ಕಟ್ಟುತ್ತಾನೆ. ಹತ್ತನೇ ವರ್ಷ 6 ಪೌಂಡ್ 6 ಶಿಲಿಂಗ್ (20 ಶಿಲಿಂಗ್ ಸೇರಿದರೆ ಒಂದು ಪೌಂಡ್). ಹತ್ತು ವರ್ಷದ ಒಟ್ಟು ಬಡ್ಡಿ 16 ಪೌಂಡ್ 10 ಶಿಲಿಂಗ್. ಸಾಲಗಾರನ ಮಟ್ಟಿಗೆ ಇದು ಚೆನ್ನಾಗಿ ಹೊಲಿದ ಅಂಗಿ.

ನಿಧಿಯ ಲೆಕ್ಕವೂ ಸರಿಯೇ. 1,000 ಪೌಂಡ್ ಶೇ. 5ರ ಚಕ್ರಬಡ್ಡಿಯಲ್ಲಿ ನೂರು ವರ್ಷಕ್ಕೆ 1,31,501 ಆಗುತ್ತದೆ. ಆತ 1,31,000 ಎಂದು ಬರೆದ. ಅದರಲ್ಲಿ ಒಂದು ಲಕ್ಷ ತೆಗೆದು ಸೇತುವೆ, ನೀರಿನ ಕೊಳವೆ ಮುಂತಾದ ಲೋಕೋಪಯೋಗಿ ಕೆಲಸಗಳಿಗೆ ಖರ್ಚು ಮಾಡುವುದು, ಉಳಿದ 31,000 ಮತ್ತೆ ನೂರು ವರ್ಷ ಬೆಳೆಯುವುದು. 31,000ವನ್ನು 131ರಿಂದ ಗುಣಿಸಿದರೆ 40,61,000. ಪೂರಕ ಉಯಿಲಿನಲ್ಲಿರುವ ಅಂಕಿ ಇದೇ. ಅದರಲ್ಲಿ 10,61,000 ನಗರಕ್ಕೆ, 30,00,000 ರಾಜ್ಯಕ್ಕೆ.

ತೊಡಕು ಇರುವುದು ಸಾಲಗಾರರ ಸಂಖ್ಯೆಯಲ್ಲಿ. ಚಕ್ರಬಡ್ಡಿ ಕಾಗದದ ಮೇಲೆ ತಾನೇ ಬೆಳೆಯುತ್ತದೆ. ಇಲ್ಲಿ ಬೆಳೆಯಬೇಕಾದರೆ ವಸೂಲಾದ ಪ್ರತಿ ಪೌಂಡನ್ನೂ ಕೂಡಲೇ ಮತ್ತೊಬ್ಬನಿಗೆ ಕೊಡಬೇಕು. ಇಡೀ ಸಾವಿರ ಪೌಂಡ್ ಸಾಲಕ್ಕೆ ಹೋಯಿತೆನ್ನಿ: ಮೊದಲ ವರ್ಷವೇ 100 ಅಸಲು, 50 ಬಡ್ಡಿ ವಾಪಸಾಗುತ್ತದೆ, ಆ 150ಕ್ಕೆ ಹೊಸ ಅರ್ಹರನ್ನು ಹುಡುಕಬೇಕು. ಐವತ್ತನೇ ವರ್ಷಕ್ಕೆ ನಿಧಿ 11,467 ಪೌಂಡ್ ಆಗಬೇಕು. ಎಲ್ಲರಿಗೂ ಗರಿಷ್ಠ 60 ಕೊಟ್ಟರೂ, ಅರ್ಧ ತೀರಿಸಿದವರನ್ನು ಸೇರಿಸಿ ಲೆಕ್ಕ ಹಾಕಿದರೆ ಏಕಕಾಲಕ್ಕೆ ಮುನ್ನೂರಕ್ಕೂ ಹೆಚ್ಚು ಸಾಲಗಾರರು ಬೇಕು. ತೊಂಬತ್ತನೇ ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ. ನಿಧಿ ಎಂಬತ್ತು ಪಟ್ಟು ಬೆಳೆದರೂ ಸಾಲದ ಮಿತಿ 60 ಪೌಂಡಿಗೇ, ಅಂದರೆ ಸುಮಾರು 267 ಡಾಲರಿಗೇ ನಿಂತಿತ್ತು. ಅರ್ಜಿ ಹೆಚ್ಚಾದರೆ ಎಲ್ಲರಿಗೂ ಸ್ವಲ್ಪ ಕಡಿಮೆ ಕೊಡಿ ಎಂದು ಆತ ಬರೆದಿದ್ದಾನೆ. ಬಾಸ್ಟನ್ನಿನಲ್ಲಿ ಹಣ ಮಿಕ್ಕರೆ ನೆರೆಯ ಪಟ್ಟಣಗಳಿಗೂ ಕೊಡಬಹುದು ಎಂದಿದ್ದಾನೆ. ಅರ್ಹತೆಯನ್ನೇ ತಿದ್ದುವ ಅಧಿಕಾರವನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಕಾರ್ಖಾನೆಗಳು ಬಂದು ಹಳೆಯ ಅಪ್ರೆಂಟಿಸ್ ಪದ್ಧತಿ ಸಡಿಲವಾಯಿತು. ಸ್ವಂತ ಅಂಗಡಿ ಇಡುವ ಬದಲು ಕೂಲಿಗೆ ಹೋಗುವವರೇ ಹೆಚ್ಚಾದರು. ಇಬ್ಬರು ಜಾಮೀನುದಾರರೂ ಸುಲಭಕ್ಕೆ ಸಿಗುತ್ತಿರಲಿಲ್ಲ, ಯಾಕೆಂದರೆ ಕಂತು ತಪ್ಪಿದರೆ ವಸೂಲಿ ಅವರ ಬಾಗಿಲಿಗೇ ಬರುತ್ತಿತ್ತು. ಎರಡೂ ಊರುಗಳಲ್ಲಿ ಕಂತು ಬಾಕಿ ಉಳಿಯಿತು. ಬಾಸ್ಟನ್ ನಿಧಿಯ ಖಜಾಂಚಿ ವಿಲಿಯಮ್ ಮಿನಟ್ ಅರ್ಜಿಯಿಲ್ಲದೆ ಕುಳಿತಿದ್ದ ಹಣವನ್ನು ಮ್ಯಾಸಚೂಸೆಟ್ಸ್ ಹಾಸ್ಪಿಟಲ್ ಲೈಫ್ ಇನ್ಶೂರೆನ್ಸ್ ಕಂಪನಿಯಲ್ಲಿ ತೊಡಗಿಸಿದ. ಉಯಿಲಿನ ಅಕ್ಷರಕ್ಕೆ ಇದು ಹೊರಗು, ಆದರೆ ನಿಧಿಯನ್ನು ಉಳಿಸಿದ್ದು ಇದೇ ಎಂಬುದು ನನ್ನ ಅಭಿಪ್ರಾಯ.

ನೂರು ವರ್ಷದ ಫಲಿತಾಂಶದಲ್ಲಿ ಆ ವ್ಯತ್ಯಾಸ ಕಾಣುತ್ತದೆ. ಆಗಿನ ವಿನಿಮಯದಲ್ಲಿ 1,000 ಪೌಂಡ್ ಎಂದರೆ 4,444 ಡಾಲರ್. ಅದು ಬಾಸ್ಟನ್ನಿನಲ್ಲಿ ಸುಮಾರು 3 ಲಕ್ಷ 90 ಸಾವಿರ ಡಾಲರ್ ಆಯಿತು, ಫಿಲಡೆಲ್ಫಿಯಾದಲ್ಲಿ ಸುಮಾರು 90 ಸಾವಿರ. ಬಡ್ಡಿದರಕ್ಕೆ ಇಳಿಸಿದರೆ ಒಂದು ಕಡೆ ಶೇ. 4.6ರ ಹತ್ತಿರ, ಇನ್ನೊಂದು ಕಡೆ ಶೇ. 3. ಬರೀ ಒಂದೂವರೆ ಅಂಶದ ಕೊರತೆ ನೂರು ವರ್ಷದಲ್ಲಿ ನಾಲ್ಕು ಪಟ್ಟಿನ ಅಂತರವಾಗಿ ನಿಂತಿತು.

ಹಣ ದೊಡ್ಡದಾದ ಮೇಲೆ ವಾರಸುದಾರರು ನ್ಯಾಯಾಲಯಕ್ಕೆ ಹೋದರು, ಗೆಲ್ಲಲಿಲ್ಲ. ಇಂಗ್ಲೆಂಡಿನಲ್ಲಿ 1797ರಲ್ಲಿ ತೀರಿಕೊಂಡ ವರ್ತಕ ಪೀಟರ್ ಥೆಲ್ಲಸನ್ ಇದೇ ರೀತಿ ಬಡ್ಡಿ ಕೂಡಿಡುವ ಉಯಿಲನ್ನು ತನ್ನ ವಂಶಕ್ಕಾಗಿಯೇ ಬರೆದಿದ್ದ. ಅದಕ್ಕೆ ಬೆಚ್ಚಿದ ಸಂಸತ್ತು 1800ರಲ್ಲಿ ಇಂಥ ಶೇಖರಣೆಗೆ ಮಿತಿ ಹಾಕಿತು, ಅವನ ಆಸ್ತಿಯ ದೊಡ್ಡ ಪಾಲು ವ್ಯಾಜ್ಯದಲ್ಲೇ ಕರಗಿತು. ಫ್ರ್ಯಾಂಕ್ಲಿನ್‌ನದು ಸಾರ್ವಜನಿಕ ದಾನ, ಆದ್ದರಿಂದ ಉಳಿಯಿತು.

ಮೊದಲ ನೂರು ವರ್ಷ ತುಂಬಿದ ಮೇಲೆ ತೆಗೆದ ಹಣದಿಂದ ಬಾಸ್ಟನ್ನಿನಲ್ಲಿ, ಆಂಡ್ರೂ ಕಾರ್ನೆಗಿ ನೆರವೂ ಸೇರಿ, ಫ್ರ್ಯಾಂಕ್ಲಿನ್ ಯೂನಿಯನ್ ಎಂಬ ಕಸುಬು ಶಾಲೆ 1908ರಲ್ಲಿ ತೆರೆಯಿತು. 1990ರಲ್ಲಿ ಇನ್ನೂರು ವರ್ಷ ತುಂಬಿದಾಗ ಬಾಸ್ಟನ್ನಿನ ನಿಧಿ ಸುಮಾರು 45 ಲಕ್ಷ ಡಾಲರ್, ಫಿಲಡೆಲ್ಫಿಯಾದ್ದು ಸುಮಾರು 20 ಲಕ್ಷ. ಹಂಚಿಕೆಯ ಅಳತೆ ಆಗಲೂ ಪೂರಕ ಉಯಿಲಿನದೇ: 10,61,000ಕ್ಕೆ 30,00,000, ಅಂದರೆ ನಗರಕ್ಕೆ ಶೇ. 26, ರಾಜ್ಯಕ್ಕೆ ಶೇ. 74. ಫಿಲಡೆಲ್ಫಿಯಾ ನಗರ ತನ್ನ ಪಾಲನ್ನು ಕಸುಬು ಕಲಿಯುವ ಹುಡುಗ ಹುಡುಗಿಯರ ವಿದ್ಯಾರ್ಥಿವೇತನಕ್ಕೆ ಇಟ್ಟಿತು.