ಸಂಸತ್ತು ಒಪ್ಪಿದ ಮಸೂದೆಯನ್ನು ಬ್ರಿಟನ್‌ನ ರಾಜ ತಡೆಯಬಹುದೇ?

ಪ್ರಶ್ನೆ: ರಾಜನ ಅಂಗೀಕಾರ ಸಿಗದೆ ಬ್ರಿಟನ್‌ನಲ್ಲಿ ಯಾವ ಮಸೂದೆಯೂ ಕಾಯ್ದೆಯಾಗದು ಎನ್ನುತ್ತಾರೆ. ಹಾಗಾದರೆ ಅವರು ‘ಆಗದು’ ಎಂದರೆ?

ಉತ್ತರ: ಕಾನೂನಿನ ಲೆಕ್ಕದಲ್ಲಿ ಆ ಅಧಿಕಾರ ಇಂದಿಗೂ ಇದೆ. ಆದರೆ ಅದು ಕೊನೆಯ ಬಾರಿ ಬಳಕೆಯಾದದ್ದು 1708ರಲ್ಲಿ. ಸ್ಕಾಟ್ಲೆಂಡಿನ ನಾಗರಿಕ ಪಡೆಗೆ ಸಂಬಂಧಿಸಿದ ಮಸೂದೆಯನ್ನು ರಾಣಿ ಆ್ಯನ್ ತಿರಸ್ಕರಿಸಿದರು. ಅದೂ ಸ್ವಂತ ಹಟದಿಂದಲ್ಲ. ಫ್ರೆಂಚ್ ನೌಕಾಪಡೆ ಸ್ಕಾಟ್ಲೆಂಡಿನತ್ತ ಹೊರಟಿದೆ ಎಂಬ ಸುದ್ದಿ ಬಂದಿತ್ತು, ಆ ಪಡೆಯ ನಿಷ್ಠೆಯ ಮೇಲೆ ಅನುಮಾನವಿತ್ತು, ಬೇಡವೆಂದು ಮಂತ್ರಿಗಳೇ ಸಲಹೆ ಕೊಟ್ಟರು.

ರಾಜ ಮಸೂದೆಯ ಪ್ರತಿಗೇ ಸಹಿ ಹಾಕುತ್ತಾರೆ ಎಂಬುದು ಸಾಮಾನ್ಯ ತಪ್ಪುಕಲ್ಪನೆ. ಅವರ ಸಹಿ ಬೀಳುವುದು ಮಸೂದೆಗಳ ಹೆಸರುಗಳಿರುವ ಒಂದು ರಾಜಪತ್ರದ ಮೇಲೆ. ಬಳಿಕ 1967ರ ಕಾಯ್ದೆಯಂತೆ ಎರಡೂ ಸದನಗಳಲ್ಲಿ ಸಭಾಧ್ಯಕ್ಷರು ಅದನ್ನು ತಿಳಿಸುತ್ತಾರೆ. ಎರಡನೆಯ ಸದನಕ್ಕೂ ತಿಳಿಸಿದ ಮೇಲೆಯೇ ಮಸೂದೆ ಕಾಯ್ದೆಯಾಗುವುದು. ರಾಜನೋ ರಾಣಿಯೋ ಖುದ್ದಾಗಿ ಸಂಸತ್ತಿಗೆ ಬಂದು ಅಂಗೀಕಾರ ಕೊಟ್ಟದ್ದು 1854ರಲ್ಲಿ, ವಿಕ್ಟೋರಿಯಾ ಕಾಲಕ್ಕೇ ಕೊನೆ.

ಮನಸ್ಸೊಪ್ಪದೆ ನಿಂತುಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನೆರೆಯ ದೇಶಗಳನ್ನು ನೋಡಬೇಕು. 1990ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ದೊರೆ ಬೋದುವೆನ್ ಗರ್ಭಪಾತದ ಕಾಯ್ದೆಗೆ ಸಹಿ ಹಾಕಲು ಆತ್ಮಸಾಕ್ಷಿ ಒಪ್ಪದು ಎಂದರು. ದೊರೆ ಆಳಲು ಅಸಮರ್ಥರು ಎಂದು ಮಂತ್ರಿಮಂಡಲ ಘೋಷಿಸಿತು, ಮಂತ್ರಿಗಳೇ ಸಹಿ ಹಾಕಿದರು, ಮರುದಿನ ಸಂಸತ್ತು ಅವರನ್ನು ಮತ್ತೆ ಅಧಿಕಾರದಲ್ಲಿ ಕೂರಿಸಿತು. 2008ರಲ್ಲಿ ಲಕ್ಸೆಂಬರ್ಗಿನ ಅರಸ ಹೆನ್ರಿ ದಯಾಮರಣದ ಕಾಯ್ದೆಗೆ ಒಪ್ಪದಿದ್ದಾಗ ಪರಿಣಾಮ ಇನ್ನೂ ಕಟುವಾಗಿತ್ತು. ‘ಅಂಗೀಕಾರ’ದ ಅಧಿಕಾರವನ್ನೇ ಸಂವಿಧಾನದಿಂದ ತೆಗೆದು, ಅರಸನಿಗೆ ಕಾಯ್ದೆಯನ್ನು ಪ್ರಕಟಿಸುವ ಕೆಲಸವನ್ನಷ್ಟೇ ಉಳಿಸಿದರು.

ಹಾಗೆಂದು ರಾಜ ಬರೀ ಉತ್ಸವಮೂರ್ತಿಯಲ್ಲ. ಸರ್ಕಾರದ ಕಡತಗಳು ಕೆಂಪು ಪೆಟ್ಟಿಗೆಯಲ್ಲಿ ಅವರಿಗೆ ಬರುತ್ತವೆ. ಪ್ರಧಾನಿಯೊಂದಿಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಮಾತುಕತೆ ನಡೆಯುತ್ತದೆ. ಅಲ್ಲಿ ಏನು ನಡೆಯಿತೆಂದು ಟಿಪ್ಪಣಿ ಬರೆಯಲು ಮೂರನೆಯವರು ಇರುವುದಿಲ್ಲ. ಕೇಳುವುದು, ಹುರಿದುಂಬಿಸುವುದು, ಎಚ್ಚರಿಸುವುದು ಎಲ್ಲವೂ ಇಲ್ಲೇ. ಕಾಗದ ಸಹಿಗೆ ಬರುವ ಮೊದಲೇ ಮಾತಾಡಬಹುದು, ಬಂದ ಮೇಲಲ್ಲ.

ಇದರ ಮಿತಿ 2019ರಲ್ಲಿ ಸ್ಪಷ್ಟವಾಗಿ ಕಂಡಿತು. ಬೋರಿಸ್ ಜಾನ್ಸನ್ ಸರ್ಕಾರದ ಸಲಹೆಯಂತೆ ರಾಣಿ ಎಲಿಜಬೆತ್ ಸಂಸತ್ತಿನ ಅಧಿವೇಶನವನ್ನು ಮುಂದೂಡಿದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಅಸಿಂಧು ಎಂದರು. ಕೋರ್ಟ್ ತಪ್ಪು ಕಂಡದ್ದು ಸಲಹೆಯಲ್ಲಿ, ರಾಣಿಯಲ್ಲಿ ಅಲ್ಲ. ತಡೆ ಬಂದದ್ದು ಅರಮನೆಯಿಂದಲ್ಲ, ನ್ಯಾಯಾಲಯದಿಂದ.

ಈ ವಿಷಯದಲ್ಲಿ ನಮ್ಮ ರಾಷ್ಟ್ರಪತಿಗೇ ಹೆಚ್ಚು ಅವಕಾಶವಿದೆ ಎಂದರೆ ತಪ್ಪಾಗದು. 111ನೇ ವಿಧಿಯಡಿ ಅವರು ಹಣಕಾಸು ಮಸೂದೆಯಲ್ಲದ ಮಸೂದೆಯನ್ನು ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಸಂಸತ್ತು ಅದನ್ನೇ ಮತ್ತೆ ಒಪ್ಪಿ ಕಳಿಸಿದರೆ ಅಂಕಿತ ಹಾಕಲೇಬೇಕು.