ಹೊಸ್ತಿಲು ಯಾಕೆ ಕಾಣಲಿಲ್ಲ?

ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದ ಒಬ್ಬರು ಚಾಳೀಸು ಬದಲಾಯಿಸಿಕೊಳ್ಳಲು ನನ್ನ ಹತ್ತಿರ ಬಂದಿದ್ದರು. ಜೊತೆಗೆ ಹೆಂಡತಿಯೂ ಇದ್ದರು. ಗೋಡೆಯ ಮೇಲಿನ ಚಾರ್ಟನ್ನು ಕೊನೆಯ ಸಾಲಿನವರೆಗೂ ಒಂದು ತಪ್ಪಿಲ್ಲದೆ ಓದಿದರು. "ದೂರದ್ದೆಲ್ಲ ಚೆನ್ನಾಗೇ ಕಾಣುತ್ತೆ ಡಾಕ್ಟ್ರೇ, ಪೇಪರ್ ಓದೋಕೆ ಮಾತ್ರ ಕಷ್ಟ" ಎಂದರು. ಹೆಂಡತಿ ಸುಮ್ಮನಿರಲಿಲ್ಲ. "ಏನು ಚೆನ್ನಾಗಿ ಕಾಣುತ್ತೆ ಸರ್? ದಿನಾ ಹೊಸ್ತಿಲು ಎಡವ್ತಾರೆ. ಮೊನ್ನೆ ನೆಲದ ಮೇಲಿಟ್ಟಿದ್ದ ಕಾಫಿ ಲೋಟ ಒದ್ದರು. ನೋಡ್ಕೊಂಡು ನಡೀರಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ."

ಹೊಸ್ತಿಲಿನ ಮಾತು ಕೇಳಿದ ಮೇಲೆ ಕಣ್ಣಿನ ಒತ್ತಡ ನೋಡಿದೆ, ನರ ನೋಡಿದೆ. ಆಮೇಲೆ ಫೀಲ್ಡ್ ಟೆಸ್ಟ್‌ಗೆ ಕೂರಿಸಿದೆ. ದೊಡ್ಡ ಬೋಗುಣಿಯಂಥ ಮೆಷಿನ್ ಅದು. ಗಲ್ಲ ಊರಿ ಕೂತು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು. ಮುಗಿಸಿ ಎದ್ದವರು ಹೇಳಿದ ಮೊದಲ ಮಾತು: "ನಿಮ್ಮ ಮೆಷಿನ್ ಮಧ್ಯ ಮಧ್ಯ ನಿಂತುಹೋಗುತ್ತೆ, ರಿಪೇರಿ ಮಾಡಿಸಿ."

ಮೆಷಿನ್ ನಿಂತಿರಲಿಲ್ಲ. ಕೆಳಭಾಗದಲ್ಲಿ ಬೆಳಕು ಮಿನುಗುತ್ತಲೇ ಇತ್ತು, ಅವರಿಗೆ ಕಂಡಿರಲಿಲ್ಲ ಅಷ್ಟೇ. ಪ್ರಿಂಟ್ ತೆಗೆದರೆ ಎರಡೂ ಕಣ್ಣಿನ ಕೆಳಗಿನ ಅರ್ಧದಲ್ಲಿ ಕಪ್ಪು ಮಚ್ಚೆ. ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ರೋಗ.

ಇಂಥವರನ್ನು ನೋಡಿದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ. ಇಷ್ಟು ದೊಡ್ಡ ಭಾಗ ಕಳೆದುಹೋದರೂ ಮನುಷ್ಯನಿಗೆ ಯಾಕೆ ಗೊತ್ತಾಗುವುದಿಲ್ಲ? ಪುಸ್ತಕದಲ್ಲಿ ಕಪ್ಪು ಮಚ್ಚೆ ಬರೆದು ತೋರಿಸುತ್ತಾರೆ. ಆದರೆ ರೋಗಿಗೆ ಕಪ್ಪು ಕಾಣುವುದಿಲ್ಲ. ಅಲ್ಲಿ ಏನೋ ಇಲ್ಲ ಅಂತಲೂ ಅನ್ನಿಸುವುದಿಲ್ಲ.

ಇದರ ಸಣ್ಣ ಮಾದರಿ ನಮ್ಮೆಲ್ಲರಲ್ಲೂ ಇದೆ. ಈಗಲೇ ಮಾಡಿ ನೋಡಿ. ಖಾಲಿ ಗೋಡೆಯ ಎದುರು ಎರಡೂ ಕೈ ಚಾಚಿ, ಎರಡು ಹೆಬ್ಬೆರಳನ್ನೂ ಪಕ್ಕಪಕ್ಕ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ದಿಟ್ಟಿಸಿ. ಈಗ ಬಲ ಹೆಬ್ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸುತ್ತಾ ಹೋಗಿ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ ಬೆರಳಿನ ತುದಿ ಮಾಯವಾಗುತ್ತದೆ. ಅಲ್ಲಿ ತೂತು ಕಾಣಲಿಲ್ಲ, ಕತ್ತಲೆಯೂ ಕಾಣಲಿಲ್ಲ, ಅಲ್ವಾ? ಹಿಂದಿನ ಗೋಡೆಯೇ ಮುಂದುವರಿದ ಹಾಗಿತ್ತು. ಕಣ್ಣಿನಿಂದ ನರ ಹೊರಗೆ ಹೋಗುವ ಜಾಗ ಅದು. ಅಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಹುಣ್ಣಿಮೆ ಚಂದ್ರನನ್ನು ಸಾಲಾಗಿ ನಿಲ್ಲಿಸಿದರೆ ಹತ್ತು ಚಂದ್ರ ಹಿಡಿಸುವಷ್ಟು ಅಗಲ. ಫ್ರಾನ್ಸಿನ ವಿಜ್ಞಾನಿ ಮಾರಿಯೋಟ್ 1660ರ ದಶಕದಲ್ಲಿ ಪತ್ತೆ ಹಚ್ಚುವವರೆಗೆ ಇಷ್ಟು ದೊಡ್ಡ ಜಾಗದ ಸುದ್ದಿಯೇ ಇರಲಿಲ್ಲ. ಆಕ್ಟೋಪಸ್‌ಗೆ ಈ ತೊಂದರೆ ಇಲ್ಲ. ಅದರ ಕಣ್ಣಿನಲ್ಲಿ ನರದ ಎಳೆಗಳು ಹಿಂದಿನಿಂದಲೇ ಹೊರಡುತ್ತವೆ.

ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು 12 ಕೋಟಿಗೂ ಹೆಚ್ಚು. ಮಿದುಳಿಗೆ ಹೋಗುವ ನರದ ಎಳೆಗಳು ಸುಮಾರು 10 ಲಕ್ಷ. ಅಂದರೆ ಕಣ್ಣಿನೊಳಗೇ ಜರಡಿ ಹಿಡಿದಾಗಿರುತ್ತದೆ. ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸಿದ್ದು ಯಾರು? ಲಕ್ಷಾಂತರ ತಲೆಮಾರುಗಳ ಬದುಕು ಮತ್ತು ಸಾವು.

ಕಪ್ಪೆಯನ್ನೇ ತೆಗೆದುಕೊಳ್ಳಿ. 1959ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಲೆಟ್ವಿನ್ ಮತ್ತು ಜೊತೆಗಾರರು ಕಪ್ಪೆಯ ಕಣ್ಣಿನ ನರ ಮಿದುಳಿಗೆ ಏನು ಹೇಳುತ್ತದೆ ಎಂದು ಹುಡುಕಿದರು. ಒಂದು ಬಗೆಯ ಎಳೆಗಳು, ಸಣ್ಣ ಕಪ್ಪು ವಸ್ತು ಅಲುಗಾಡಿದಾಗ ಮಾತ್ರ ಜೋರಾಗಿ ಸುದ್ದಿ ಕಳಿಸುತ್ತಿದ್ದವು. ಅದು ಕಪ್ಪೆಗೆ ನೊಣ. ಅಲುಗಾಡದ ನೊಣ ಅದಕ್ಕೆ ಊಟವಲ್ಲ. ಸುತ್ತ ಸತ್ತ ನೊಣದ ರಾಶಿ ಇದ್ದರೂ ಹಸಿದೇ ಸಾಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಒಂದು ಜೀರುಂಡೆಯ ಕಥೆ ಇನ್ನೂ ಪಾಪ. ರಸ್ತೆ ಬದಿ ಎಸೆದ ಕಂದು ಬಿಯರ್ ಬಾಟಲಿಯನ್ನು ಗಂಡು ಜೀರುಂಡೆಗಳು ಹೆಣ್ಣೆಂದುಕೊಂಡು ಬಿಡದೆ ಹಿಡಿದಿರುತ್ತಿದ್ದವು. 1983ರಲ್ಲಿ ಇಬ್ಬರು ಕೀಟತಜ್ಞರು ಇದನ್ನು ದಾಖಲಿಸಿದರು. ಕಂದು, ಹೊಳಪು, ಮೇಲೆ ಸಣ್ಣ ಉಬ್ಬು. ಇಷ್ಟು ಸಿಕ್ಕಿದರೆ ಸಾಕು ಎಂಬ ಲೆಕ್ಕ, ಬಾಟಲಿ ಬರುವವರೆಗೂ ಕೈಕೊಟ್ಟಿರಲಿಲ್ಲ.

ನಮ್ಮದೂ ಅದೇ ಜಾತಿಯ ಲೆಕ್ಕ, ಸ್ವಲ್ಪ ವಿಸ್ತಾರ ಜಾಸ್ತಿ. ನಾಯಿಗೆ ಬಣ್ಣ ಗುರುತಿಸುವ ಕೋಶ ಎರಡು ಬಗೆ, ನಮಗೂ ನಮ್ಮ ಊರಿನ ಕೋತಿಗೂ ಮೂರು. ಹಸಿರು ಎಲೆಗಳ ನಡುವೆ ಕೆಂಪಗೆ ಮಾಗಿದ ಅತ್ತಿಹಣ್ಣು, ಕೆಂಪು ಚಿಗುರು ಬೇಗ ಕಣ್ಣಿಗೆ ಬೀಳಬೇಕಲ್ಲ. ಆ ಮೂರನೆಯದು ಉಳಿದುಕೊಂಡದ್ದು ಅದಕ್ಕೇ ಎಂದು ಬಹಳ ಮಂದಿ ತಜ್ಞರು ನಂಬುತ್ತಾರೆ. ಬಳಕೆ ಇಲ್ಲದಿದ್ದರೆ ಪ್ರಕೃತಿ ಕಣ್ಣನ್ನೇ ಕಿತ್ತುಕೊಳ್ಳುತ್ತದೆ. ಮೆಕ್ಸಿಕೋದ ಗುಹೆಗಳ ಕತ್ತಲಲ್ಲಿ ಸೇರಿಕೊಂಡ ಒಂದು ಮೀನಿನ ಜಾತಿಗೆ ಈಗ ಕಣ್ಣೇ ಇಲ್ಲ. ಅದೇ ಜಾತಿಯ ಹೊರಗಿನ ಹೊಳೆಯ ಮೀನಿಗೆ ಇದೆ. ನೋಡುವುದು ದುಬಾರಿ ಕೆಲಸ. ನಮ್ಮ ಮೈತೂಕದಲ್ಲಿ ಮಿದುಳು ಶೇ 2ರಷ್ಟು ಮಾತ್ರ, ಆದರೆ ಸುಮ್ನೆ ಕೂತಿದ್ದಾಗಲೂ ಶೇ 20ರಷ್ಟು ಶಕ್ತಿ ಅದಕ್ಕೇ ಬೇಕು.

ಹಾಗಾದರೆ ನಾವು ಕಾಣುವುದೆಲ್ಲ ಸುಳ್ಳೇ? ಡೊನಾಲ್ಡ್ ಹಾಫ್‌ಮನ್ ಎಂಬ ವಿಜ್ಞಾನಿ ಹೆಚ್ಚುಕಡಿಮೆ ಹಾಗೇ ಹೇಳುತ್ತಾರೆ. ನಾವು ಕಾಣುವ ವಸ್ತುಗಳು ಕಂಪ್ಯೂಟರ್ ಪರದೆಯ ಮೇಲಿನ ಚಿತ್ರಗಳಿದ್ದ ಹಾಗೆ, ಒಳಗಿನ ನಿಜವೇ ಬೇರೆ ಎಂಬುದು ಅವರ ವಾದ. ನಾನು ಅಷ್ಟು ದೂರ ಹೋಗಲಾರೆ. ಕಪ್ಪೆ ನಾಲಿಗೆ ಚಾಚಿದಾಗ ನೊಣ ನಿಜಕ್ಕೂ ಅಲ್ಲಿರಬೇಕು, ಇಲ್ಲದಿದ್ದರೆ ಕಪ್ಪೆಯ ವಂಶವೇ ಉಳಿಯುತ್ತಿರಲಿಲ್ಲ. ಕಣ್ಣು ಹೇಳುವುದು ನಿಜವೇ. ಆದರೆ ಪೂರ್ತಿ ನಿಜವಲ್ಲ, ಮುಂದಿನ ಹೆಜ್ಜೆಗೆ ಬೇಕಾದಷ್ಟು ಮಾತ್ರ. ಮಿಕ್ಕಿದ್ದನ್ನು ಮಿದುಳು ಊಹಿಸಿ ತುಂಬುತ್ತದೆ.

ಈ ಊಹೆಯ ಜೋರು ನೋಡಬೇಕೆಂದರೆ, ದೃಷ್ಟಿ ತುಂಬಾ ಕಡಿಮೆಯಾದ ಹಿರಿಯರನ್ನು ಮಾತನಾಡಿಸಬೇಕು. ಒಬ್ಬ ಅಜ್ಜಿ ಎರಡು ತಿಂಗಳು ಯಾರಿಗೂ ಹೇಳಿರಲಿಲ್ಲ. ಸಂಜೆ ಹೊತ್ತು ಜಗಲಿಯ ಮೇಲೆ ಲಂಗ ತೊಟ್ಟ ಪುಟ್ಟ ಮಕ್ಕಳು ಸಾಲಾಗಿ ಕೂತಿರುತ್ತಾರೆ, ಮಾತಾಡುವುದಿಲ್ಲ. ಅವರು ಇಲ್ಲ ಅಂತ ಅಜ್ಜಿಗೂ ಗೊತ್ತು. ಕೊನೆಗೆ ಸೊಸೆಗೆ ಹೇಳಿದಾಗ, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದರು. ಇದು ಗಾಳಿಯಲ್ಲ, ಹುಚ್ಚೂ ಅಲ್ಲ. 1760ರಲ್ಲಿ ಸ್ವಿಸ್ ವಿದ್ವಾಂಸ ಚಾರ್ಲ್ಸ್ ಬೋನೆ ತಮ್ಮ ತಾತನಲ್ಲಿ ಇದನ್ನೇ ಕಂಡು ಬರೆದಿಟ್ಟಿದ್ದರು. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ, ಮಿದುಳಿನ ನೋಡುವ ಭಾಗ ತಾನೇ ಚಿತ್ರ ಕಟ್ಟತೊಡಗುತ್ತದೆ. ಇಷ್ಟು ತಿಳಿದ ಮೇಲೆ ಅಜ್ಜಿಯ ಮುಖದಲ್ಲಿ ಕಂಡ ನೆಮ್ಮದಿ ನನಗೆ ಇನ್ನೂ ನೆನಪಿದೆ. ನಿಮ್ಮ ಮನೆಯ ಹಿರಿಯರು ಹೀಗೆ ಹೇಳಿದರೆ ದಯವಿಟ್ಟು ಬೈಯಬೇಡಿ, ಹೆದರಿಸಬೇಡಿ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇಲ್ಲಿಯವರೆಗೆ ಹೇಳಿದ್ದು ಕಾಣುವುದರ ಬಗ್ಗೆ. ಕಾಣುತ್ತಿದೆ ಎಂಬ ಅರಿವು ಯಾಕೆ ಬೇಕು ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ಕಪ್ಪೆಗೆ ನೊಣ ಹಿಡಿಯಲು ಅಂಥ ಅರಿವು ಬೇಕಾಗಿಲ್ಲ ಅನ್ನಿಸುತ್ತದೆ. ನಮಗೂ ಎಷ್ಟೋ ಕೆಲಸಕ್ಕೆ ಬೇಡ.

1974ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಲಾರೆನ್ಸ್ ವೈಸ್‌ಕ್ರಾಂಟ್ಜ್ ಮತ್ತು ಸಂಗಡಿಗರು ಡಿ.ಬಿ. ಎಂಬ ರೋಗಿಯ ಬಗ್ಗೆ ಬರೆದರು. ಆಪರೇಷನ್‌ನಲ್ಲಿ ಮಿದುಳಿನ ಹಿಂಭಾಗದ ಒಂದು ತುಂಡು ತೆಗೆಯಬೇಕಾಗಿ ಬಂದು, ಆತನಿಗೆ ಎಡಗಡೆಯ ನೋಟ ಬಹುತೇಕ ಹೋಗಿತ್ತು. "ಏನೂ ಕಾಣುತ್ತಿಲ್ಲ" ಎನ್ನುತ್ತಿದ್ದ. ಸುಮ್ನೆ ಊಹಿಸಿ ಬೆರಳು ತೋರಿಸು ಎಂದರೆ ಮಾತ್ರ, ಬೆಳಕು ಬಿದ್ದ ಕಡೆಗೇ ತೋರಿಸುತ್ತಿದ್ದ. ಸರಿಯಾಗಿದೆ ಎಂದಾಗ ಅವನಿಗೇ ಆಶ್ಚರ್ಯ. ನಮ್ಮಲ್ಲಿ ಕಣ್ಣಿನಿಂದ ನಡುಮಿದುಳಿಗೆ ಹೋಗುವ ಹಳೆಯ ದಾರಿಯೊಂದು ಇನ್ನೂ ಉಳಿದಿದೆ. ಕಪ್ಪೆ ನೊಣ ಹಿಡಿಯುವುದು ಮುಖ್ಯವಾಗಿ ಆ ದಾರಿಯಿಂದಲೇ. ಡಿ.ಬಿ.ಯ ಕೈಗೆ ದಾರಿ ತೋರಿಸಿದ್ದೂ ಅದೇ ಇರಬೇಕು ಎಂದು ತಜ್ಞರ ಲೆಕ್ಕ. ಅವನಿಗೆ ಮಬ್ಬಾಗಿ ಏನೋ ಕಾಣುತ್ತಿತ್ತು ಎಂದು ವಾದಿಸುವವರೂ ಇದ್ದಾರೆ.

ನನಗೆ ಮುಖ್ಯ ಅನ್ನಿಸುವುದು ಅವನಿಂದ ಆಗದೇ ಹೋದದ್ದು. ಕೇಳಿದರೆ ಕೈ ತೋರಿಸುತ್ತಿದ್ದ. ತಾನಾಗಿ "ಅಲ್ಲೊಂದು ಬೆಳಕಿದೆ" ಎಂದು ಹೇಳಲಾರ, ಹೇಳಲು ಅವನ ಬಳಿ ಏನೂ ಇರಲಿಲ್ಲ. ಅರಿವಿಗೆ ಬಂದ ವಿಷಯ ಮಾತ್ರ ಊರ ಅರಳಿಕಟ್ಟೆಗೆ ಬಂದ ಸುದ್ದಿಯ ಹಾಗೆ. ನಾಲಿಗೆಗೂ ಗೊತ್ತಾಗುತ್ತದೆ, ನೆನಪಿಗೂ ಸೇರುತ್ತದೆ, ಕಾಲಿಗೂ ತಲುಪುತ್ತದೆ, ನಾಳೆಯ ಯೋಚನೆಗೂ ಒದಗುತ್ತದೆ. 1988ರಲ್ಲಿ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ಬಾರ್ಸ್ ಮುಂದಿಟ್ಟ ವಿಚಾರವೂ ಹೆಚ್ಚುಕಡಿಮೆ ಇದೇ, ಅವರು ರಂಗಮಂಚದ ಹೋಲಿಕೆ ಕೊಟ್ಟರು. ಸಿದ್ಧ ಉತ್ತರ ಇಲ್ಲದ ಹೊಸ ಸಂದರ್ಭ ಬಂದಾಗ ಈ ಕಟ್ಟೆ ಬೇಕಾಗುತ್ತದೆ. ಕೆಂಪು ಕಂಡಾಗ ಕೆಂಪು ಅನ್ನುವ ಅನುಭವವೇ ಯಾಕಾಗಬೇಕು ಎಂದು ನೀವು ಕೇಳಿದರೆ, ಇದು ಪೂರ್ತಿ ಉತ್ತರವಲ್ಲ. ಚಿಕಿತ್ಸೆ ಕೊಡುವ ನನಗೆ ಮಾತ್ರ ಇಷ್ಟು ಬಹಳ ಉಪಯೋಗಕ್ಕೆ ಬಂದಿದೆ.

ಬಸ್ ಓಡಿಸುತ್ತಿದ್ದವರಿಗೆ ಒತ್ತಡ ಇಳಿಸುವ ಹನಿ ಬರೆದುಕೊಟ್ಟೆ. ಹೋದ ನೋಟ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ನಲವತ್ತು ದಾಟಿದ ಮೇಲೆ, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಕಾಣುವುದು ಚೆನ್ನಾಗಿದ್ದರೂ ಒತ್ತಡ ಮತ್ತು ನರ ತೋರಿಸಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ. ಕೊರತೆಯನ್ನು ಕಣ್ಣು ತಾನಾಗಿ ಹೇಳುವುದಿಲ್ಲ.

ಆ ಪ್ರಿಂಟನ್ನು ಅವರ ಮುಂದಿಟ್ಟು, ಕಪ್ಪು ಮಚ್ಚೆಯ ಮೇಲೆ ಅವರದೇ ಬೆರಳು ಇಡಿಸಿದೆ. "ನಿಮ್ಮ ಹೊಸ್ತಿಲು ಇರುವುದು ಇಲ್ಲಿ" ಎಂದೆ. ಬಹಳ ಹೊತ್ತು ನೋಡಿದರು. ಹೆಂಡತಿಯೂ ನೋಡಿದರು, ಅವರ ದನಿ ಮೆತ್ತಗಾಗಿತ್ತು. ಮನೆಯ ಮೆಟ್ಟಿಲಿನ ಅಂಚಿಗೆ, ಹೊಸ್ತಿಲಿಗೆ ಹಳದಿ ಬಣ್ಣ ಬಳಿಸಲು ಹೇಳಿದೆ. ಹೆಜ್ಜೆ ಇಡುವ ಮೊದಲು ತಲೆ ಬಗ್ಗಿಸಿ ಒಮ್ಮೆ ನೋಡಿ ಎಂದೆ.

ಮೂರು ತಿಂಗಳ ನಂತರ ಮತ್ತೆ ಬಂದಾಗ ಕೇಳಿದೆ, "ಈಗ ಆ ಜಾಗ ಖಾಲಿ ಅಂತ ಕಾಣುತ್ತಾ?"

"ಇಲ್ಲ ಡಾಕ್ಟ್ರೇ, ಮೊದಲಿನ ಹಾಗೇ ಎಲ್ಲಾ ಸರಿ ಇದೆ ಅಂತಲೇ ಕಾಣುತ್ತೆ. ಆದ್ರೆ ಗೊತ್ತಲ್ಲ."

ಚೀಟಿ ತೆಗೆದುಕೊಂಡು ಎದ್ದರು. ಬಾಗಿಲ ಹತ್ತಿರ ಒಂದು ಕ್ಷಣ ನಿಂತರು. ತಲೆ ಬಗ್ಗಿಸಿ ನೋಡಿ, ಕಾಲು ಎತ್ತಿ ಹೊಸ್ತಿಲು ದಾಟಿದರು.