ಅಲ್ಯೂಮಿನಿಯಂ ದೋಣಿಗೆ ತುಕ್ಕು ಹಿಡಿಯದು, ನಿಜ. ಹಾಳೇ ಆಗದೆಂದು ಹೇಳಿದವರು ಯಾರು?

ಪ್ರಶ್ನೆ: ಗಾಳ ಹಾಕಿ ಮೀನು ಹಿಡಿಯುವುದಕ್ಕೆಂದು ಮೊದಲ ಬಾರಿಗೆ ಒಂದು ಹಳೆಯ ಅಲ್ಯೂಮಿನಿಯಂ ದೋಣಿಯನ್ನು ಕೊಳ್ಳಬೇಕೆಂದಿದ್ದೇನೆ. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ದೋಣಿ ಎಷ್ಟು ಹಳೆಯದಾದರೂ ಚಿಂತೆಯಿಲ್ಲ, ಎಂಜಿನ್ ಸರಿಯಿದೆಯೇ ಎಂದಷ್ಟೇ ನೋಡಿದರೆ ಸಾಕು ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಉತ್ತರವನ್ನು ಉದ್ದವಾಗಿಯೇ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ತೋರಿಸುವುದೆಂದು ತೀರ್ಮಾನಿಸಿದ್ದೇನೆ. ಎಂಜಿನ್ ಕೆಟ್ಟರೆ ಬಿಚ್ಚಿ ರಿಪೇರಿ ಮಾಡಿಸಬಹುದು, ಇಲ್ಲವೇ ಬೇರೆಯದನ್ನು ತಂದು ಕೂರಿಸಬಹುದು. ಒಡಲೇ ಕೆಟ್ಟ ದೋಣಿಯನ್ನು ಸರಿಪಡಿಸಲು ಹೊರಟರೆ ಅನೇಕ ಸಲ ದೋಣಿಯ ಬೆಲೆಗಿಂತ ರಿಪೇರಿಯ ಖರ್ಚೇ ಹೆಚ್ಚಾಗುತ್ತದೆ. ಆದರೂ ಮಾರುವವರು ಎಂಜಿನ್ನನ್ನು ಒರೆಸಿ ಹೊಳೆಯಿಸಿ ಅದರ ಚಿತ್ರವನ್ನೇ ಮುಂದಿಡುತ್ತಾರೆ, ಕೊಳ್ಳುವವರೂ ಅದನ್ನೇ ನೋಡುತ್ತಾರೆ.

ಈಗ ಆ ತುಕ್ಕಿನ ಮಾತಿಗೆ ಬರೋಣ. ಕೆಂಪು ತುಕ್ಕು ಕಬ್ಬಿಣದ್ದು, ಅದು ಅಲ್ಯೂಮಿನಿಯಂಗೆ ಬರುವುದಿಲ್ಲ. ಗಾಳಿ ತಾಕಿದೊಡನೆ ಈ ಲೋಹದ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಗೀಚಿದರೆ ಪೊರೆ ಹರಿಯುತ್ತದೆ, ಗಾಳಿ ಸಿಕ್ಕಿದರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಅಲ್ಯೂಮಿನಿಯಂ ಬಾಳಿಕೆಯ ಗುಟ್ಟೆಲ್ಲ ಈ ಪೊರೆಯಲ್ಲಿದೆ. ಆದರೆ ಪೊರೆ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು ಎಂಬುದನ್ನು ‘ತುಕ್ಕು ಹಿಡಿಯದು’ ಎನ್ನುವವರು ಮರೆಯುತ್ತಾರೆ. ಒದ್ದೆಯಾದ ಫೋಮ್, ನೆಲಕ್ಕೆ ಅಂಟಿಸಿದ ಕಾರ್ಪೆಟ್, ಹಲಗೆಯಡಿ ಸೇರಿಕೊಂಡ ಕೊಳೆತ ಎಲೆ ಮತ್ತು ಕೆಸರು, ಇವು ತಿಂಗಳುಗಟ್ಟಲೆ ತಗಡಿಗೆ ಒತ್ತಿಕೊಂಡಿದ್ದರೆ ಅಲ್ಲಿಗೆ ಗಾಳಿ ತಲುಪುವುದಿಲ್ಲ, ಪೊರೆ ಹರಿದ ಕಡೆ ಹರಿದೇ ಉಳಿಯುತ್ತದೆ, ಲೋಹ ಚುಕ್ಕೆ ಚುಕ್ಕೆಯಾಗಿ ಕೊರೆದುಕೊಂಡು ಹೋಗುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಅದರ ಕ್ಲೋರೈಡ್ ಈ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಸಣ್ಣ ದೋಣಿಗಳ ತಳದ ತಗಡು ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಮಿಲಿಮೀಟರ್ ದಪ್ಪವಿರುತ್ತದೆ, ಅಷ್ಟನ್ನು ತೂತು ಮಾಡಲು ಇಂಥ ಒಂದು ಚುಕ್ಕೆ ಸಾಕು. ಅದೂ ಒಳಗಿನಿಂದ ಹೊರಕ್ಕೆ ಕೊರೆಯುವುದರಿಂದ ದೋಣಿಯನ್ನು ಸುತ್ತುಹಾಕಿ ನೋಡಿದವನಿಗೆ ಏನೂ ಕಾಣುವುದಿಲ್ಲ. ಹೊರಗೆ ಥಳಕು, ಒಳಗೆ ಹುಳುಕು.

ಇದಕ್ಕಿಂತ ಕೆಟ್ಟ ಶತ್ರು ಬೇರೆ ಲೋಹಗಳ ಸಹವಾಸ. ತಾಮ್ರ, ಹಿತ್ತಾಳೆ, ಕಂಚು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಅಲ್ಯೂಮಿನಿಯಂಗೆ ತಾಗಿಕೊಂಡಿದ್ದು, ಎರಡನ್ನೂ ನೀರು ತೋಯಿಸುತ್ತಿದ್ದರೆ ಅಲ್ಲೊಂದು ಬ್ಯಾಟರಿಯೇ ಸಿದ್ಧವಾಗುತ್ತದೆ, ಅದರಲ್ಲಿ ಕರಗುವ ಪಾಲು ಯಾವಾಗಲೂ ಅಲ್ಯೂಮಿನಿಯಂನದು. ಇದನ್ನು ನಂಬದವರಿಗೆ 1895ರ ‘ಡಿಫೆಂಡರ್’ ಎಂಬ ಪಂದ್ಯದ ಹಾಯಿದೋಣಿಯ ಕಥೆ ಹೇಳುತ್ತೇನೆ. ಅದನ್ನು ವಿನ್ಯಾಸ ಮಾಡಿದ ನಥಾನಿಯಲ್ ಹೆರೆಶಾಫ್ ಹಗುರವಾಗಿಸಲೆಂದು ನೀರಿನ ಕೆಳಗಿನ ಭಾಗಕ್ಕೆ ಕಂಚನ್ನೂ ಮೇಲಿನ ಭಾಗಕ್ಕೆ ಅಲ್ಯೂಮಿನಿಯಂ ಅನ್ನೂ ಹೊದಿಸಿದ್ದ. ದೋಣಿ ಆ ವರ್ಷದ ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಪಂದ್ಯವನ್ನು ಗೆದ್ದಿತು. ಉಪ್ಪುನೀರಿನಲ್ಲಿ ಆ ಲೋಹಗಳು ಒಟ್ಟಿಗೆ ಬಾಳಲಾರದೆ ಒಡಲು ಬೇಗನೆ ಕೊರೆದುಹೋಯಿತು, 1901ರಲ್ಲಿ ಅದನ್ನು ಒಡೆದುಹಾಕಿದರು. ಗೆದ್ದ ದೋಣಿಯ ಆಯಸ್ಸು ಆರೇ ವರ್ಷ.

ಹೆರೆಶಾಫ್ ತಿಳಿದೂ ಆ ಅಪಾಯಕ್ಕೆ ಕೈಹಾಕಿದ್ದಿರಬಹುದು, ಗೆಲ್ಲುವುದೊಂದೇ ಅವನ ಗುರಿಯಾಗಿತ್ತು. ಹಳೆಯ ದೋಣಿಯ ಮಾಲೀಕರು ಮಾತ್ರ ತಿಳಿಯದೆಯೇ ಅದನ್ನು ಮಾಡುತ್ತಾರೆ. ತಳಕ್ಕೆ ತಾಮ್ರ ಬೆರೆತ ಬಣ್ಣ ಬಳಿಯುತ್ತಾರೆ. ಸಿಕ್ಕಿದ ಹಿತ್ತಾಳೆಯ ಸ್ಕ್ರೂ ಹೊಡೆಯುತ್ತಾರೆ. ಬ್ಯಾಟರಿಯ ಒಂದು ತಂತಿಯನ್ನು ಒಡಲಿಗೇ ಕಟ್ಟಿ ಇಡೀ ದೋಣಿಯನ್ನು ವೈರ್ ಮಾಡಿಕೊಳ್ಳುತ್ತಾರೆ. ಎಲ್ಲಕ್ಕಿಂತ ಸಾಮಾನ್ಯವಾದದ್ದೆಂದರೆ, ಕೊಳೆತ ನೆಲಹಲಗೆಯನ್ನು ತೆಗೆದು ಗೆದ್ದಲು ಹಿಡಿಯದಂತೆ ತಾಮ್ರದ ರಾಸಾಯನಿಕ ಕುಡಿಸಿದ ಮರವನ್ನು ಹಾಕುವುದು. ಮರವೇನೋ ಬಾಳುತ್ತದೆ, ಅದರಿಂದ ಇಳಿಯುವ ತಾಮ್ರ ಕೆಳಗಿನ ತಗಡನ್ನು ತಿನ್ನುತ್ತದೆ. ‘ನೆಲವನ್ನೆಲ್ಲ ಹೊಸದಾಗಿ ಮಾಡಿಸಿದ್ದೇನೆ’ ಎಂದು ಮಾರುವವರು ಹೆಮ್ಮೆಯಿಂದ ಹೇಳಿದಾಗ ಯಾವ ಮರ ಹಾಕಿಸಿದ್ದೀರಿ ಎಂದು ಕೇಳಿ. ಹಸಿರು ಛಾಯೆಯ ಮರ ಕಂಡರೆ ಒಂದು ಹಲಗೆಯನ್ನಾದರೂ ಎತ್ತಿಸದೆ ಮಾತುಕತೆ ಮುಂದುವರಿಸಬೇಡಿ.

ಎತ್ತಿಸಿದ ಮೇಲೆ ನೋಡಬೇಕಾದದ್ದು ಬಿಳಿ ಪುಡಿ. ಮಬ್ಬು ಬೂದುಬಣ್ಣ ದೋಷವಲ್ಲ, ಅದು ಆ ಪೊರೆಯದೇ ಬಣ್ಣ. ಆದರೆ ಹರಳುಗಟ್ಟಿದ ಬಿಳಿ ಗುಪ್ಪೆ ಕಂಡರೆ, ಅಥವಾ ಬಣ್ಣದಡಿಯಲ್ಲಿ ಬೊಕ್ಕೆ ಎದ್ದಿದ್ದರೆ, ಒಂದು ಪ್ಲಾಸ್ಟಿಕ್ ತುಂಡಿನಿಂದ ಅದನ್ನು ಕೆರೆದು ಕೆಳಗಿನ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಉಗುರು ಒಳಕ್ಕಿಳಿಯುವಷ್ಟು ಆಳದ ಗುಳಿಗಳು ಸಾಲಾಗಿದ್ದರೆ ದೋಣಿ ಬಿಟ್ಟುಬಿಡಿ. ಹಳೆಯ ತೆಳು ತಗಡಿಗೆ ವೆಲ್ಡಿಂಗ್ ಮಾಡಿಸಬಹುದಲ್ಲ ಎನ್ನುವಿರಾದರೆ, ಶಾಖಕ್ಕೆ ತಗಡೇ ಸುಟ್ಟು ತೂತು ದೊಡ್ಡದಾಗುವ ಸಾಧ್ಯತೆ ಇದೆ, ಬೆಸೆದ ಜಾಗದ ಸುತ್ತಲಿನ ಲೋಹ ಮೊದಲಿನಷ್ಟು ಗಟ್ಟಿಯಾಗಿಯೂ ಉಳಿಯುವುದಿಲ್ಲ.

ತಗಡುಗಳನ್ನು ರಿವೆಟ್ ಎಂಬ ಲೋಹದ ಮೊಳೆಗಳಿಂದ ಜೋಡಿಸಿದ ದೋಣಿಯೋ ವೆಲ್ಡ್ ಮಾಡಿದ ದೋಣಿಯೋ ಎಂಬ ಜಗಳದಲ್ಲಿ ಹೆಚ್ಚು ಹುರುಳಿಲ್ಲ. ವಿಮಾನ ಕಟ್ಟುತ್ತಿದ್ದ ಗ್ರಮ್ಮನ್ ಕಂಪನಿ 1945ರಲ್ಲಿ ಅದೇ ವಿಮಾನದ ರಿವೆಟ್ ವಿದ್ಯೆಯಿಂದ ಅಲ್ಯೂಮಿನಿಯಂ ಕನೂಗಳನ್ನು, ಅಂದರೆ ಹುಟ್ಟುಹಾಕುವ ಕಿರಿದಾದ ದೋಣಿಗಳನ್ನು, ಮಾಡತೊಡಗಿತು. ರಿವೆಟ್ ಸಡಿಲವಾದರೆ ನೀರು ಒಸರುತ್ತದೆ, ಒಬ್ಬರು ಸುತ್ತಿಗೆಯನ್ನೂ ಇನ್ನೊಬ್ಬರು ಆಚೆ ಬದಿಯಿಂದ ಆನಿಸುವ ಕಬ್ಬಿಣದ ತುಂಡನ್ನೂ ಹಿಡಿದು ಅದನ್ನು ಮತ್ತೆ ಬಿಗಿ ಮಾಡಬಹುದು. ವೆಲ್ಡ್ ಬಿರುಕು ಬಿಟ್ಟರೆ ನುರಿತವನೇ ಬೇಕು.

ಒಸರುವುದನ್ನು ಕಂಡುಹಿಡಿಯಲು ದೋಣಿಯನ್ನು ನೀರಿಗಿಳಿಸುವ ಅಗತ್ಯವೂ ಇಲ್ಲ. ಟ್ರೇಲರ್ ಮೇಲಿರುವಾಗಲೇ ತಳದ ಬಿರಡೆ ಹಾಕಿ, ಒಳಗೆ ನಾಲ್ಕೈದು ಸೆಂಟಿಮೀಟರ್ ನೀರು ನಿಲ್ಲಿಸಿ, ಅಡಿಯಲ್ಲಿ ಬಗ್ಗಿ ಹನಿ ಕಾಣುವ ಪ್ರತಿಯೊಂದು ಜಾಗಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ. ಅದಕ್ಕಿಂತ ಹೆಚ್ಚು ತುಂಬಬೇಡಿ. ಒಂದು ಲೀಟರ್ ನೀರು ಒಂದು ಕಿಲೋ, ಆ ಭಾರಕ್ಕೆಂದು ಟ್ರೇಲರ್ ಮಾಡಿರುವುದಿಲ್ಲ. ಅಲ್ಲೊಂದು ಇಲ್ಲೊಂದು ರಿವೆಟ್ ತೊಟ್ಟಿಕ್ಕಿದರೆ ಹೆದರಬೇಕಿಲ್ಲ. ಒಂದೇ ಸಾಲಿನ ಹತ್ತಾರು ರಿವೆಟ್‌ಗಳು ತೊಟ್ಟಿಕ್ಕಿದರೆ, ಆ ದೋಣಿಯನ್ನು ಯಾರೋ ಬಂಡೆಗೆ ಬಡಿಸಿದ್ದಾರೆ ಅಥವಾ ಅದಕ್ಕೆ ಮೀರಿದ ಎಂಜಿನ್ ಕಟ್ಟಿ ಅಲೆಗಳ ಮೇಲೆ ಓಡಿಸಿದ್ದಾರೆ ಎಂದು ತಿಳಿಯಿರಿ.

ಅಲ್ಯೂಮಿನಿಯಂ ದೋಣಿಯಲ್ಲಿ ಮೊದಲು ಕೊಳೆಯುವುದು ಅಲ್ಯೂಮಿನಿಯಂ ಅಲ್ಲ, ಮರ. ಎಂಜಿನ್ ತೂಗುಹಾಕುವ ಹಿಂಗೋಡೆಯ ಎರಡು ತಗಡುಗಳ ನಡುವೆ ಪ್ಲೈವುಡ್ ಇರುತ್ತದೆ, ಬೋಲ್ಟ್ ರಂಧ್ರಗಳಿಂದ ನೀರಿಳಿದು ಅದು ಒಳಗೊಳಗೇ ಮೆತ್ತಗಾಗುತ್ತದೆ. ಎಂಜಿನ್ನಿನ ಕೆಳತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಬಲವಾಗಿ ಒತ್ತಿ, ಇನ್ನೊಬ್ಬರು ಹಿಂಗೋಡೆಯನ್ನು ನೋಡುತ್ತಿರಲಿ: ಗೋಡೆ ಬಾಗಿದರೆ, ಬೋಲ್ಟಿನ ಸುತ್ತ ತಗಡು ಒಳಕ್ಕೆ ಕುಗ್ಗಿದ್ದರೆ, ಮರ ಹೋಗಿದೆ. ಬೇರೆ ಪ್ಲೈವುಡ್ ಹಾಕಿಸುವುದು ಆಗದ ಕೆಲಸವೇನಲ್ಲ, ಬೆಲೆಯಲ್ಲಿ ಅದನ್ನು ಕಳೆದು ಕೇಳಿ. ಆಸನಗಳಡಿಯ ಫೋಮ್ ನೀರು ಕುಡಿದಿದ್ದರೆ ದೋಣಿ ಎಳೆಯುವಾಗಲೇ ಭಾರ ಗೊತ್ತಾಗುತ್ತದೆ. ದೋಣಿಯೊಳಗೆ ನೀರು ತುಂಬಿದಾಗ ಅದನ್ನು ತೇಲಿಸಬೇಕಾದದ್ದು ಇದೇ ಫೋಮ್.

ಇಷ್ಟು ಬರೆದ ಮೇಲೆ ಯಾರೂ ಕೇಳದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಜೊತೆಗೆ ಬಂದ ಎಂಜಿನ್ ಆ ದೋಣಿಗೆ ಹೊಂದುತ್ತದೆಯೇ? ಹಿಂಗೋಡೆಗೆ ಹೊರಗಿನಿಂದ ಕಟ್ಟುವ ಸಣ್ಣ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ, ಪ್ರೊಪೆಲ್ಲರ್‌ವರೆಗೆ ಇಳಿಯುವ ದಂಡ, ಅಂದರೆ ಶಾಫ್ಟ್, ಹೆಚ್ಚಾಗಿ ಸಿಗುವುದು ಎರಡು ಅಳತೆಯಲ್ಲಿ, ಸುಮಾರು 38 ಸೆಂಟಿಮೀಟರ್ ಎತ್ತರದ ಹಿಂಗೋಡೆಗೆ ಗಿಡ್ಡ ಶಾಫ್ಟ್, ಸುಮಾರು 51 ಸೆಂಟಿಮೀಟರ್‌ಗೆ ಉದ್ದ ಶಾಫ್ಟ್. ಎತ್ತರದ ಗೋಡೆಗೆ ಗಿಡ್ಡದ್ದನ್ನು ಕಟ್ಟಿದರೆ ಪ್ರೊಪೆಲ್ಲರ್ ಗಾಳಿ ಹೀರಿ ಸುಮ್ಮನೆ ಗಿರಕಿ ಹೊಡೆಯುತ್ತದೆ, ಗಿಡ್ಡ ಗೋಡೆಗೆ ಉದ್ದದ್ದನ್ನು ಕಟ್ಟಿದರೆ ನೀರನ್ನು ಎಳೆದುಕೊಂಡೇ ಸಾಗುತ್ತದೆ. ಪ್ರೊಪೆಲ್ಲರ್ ಮೇಲಿನ ಅಡ್ಡತಟ್ಟೆ ದೋಣಿಯ ತಳಕ್ಕೆ ಹೆಚ್ಚುಕಡಿಮೆ ಸಮವಾಗಿರಬೇಕು. ದೋಣಿಯೊಳಗೆ ಹೊಡೆದಿರುವ ಸಾಮರ್ಥ್ಯದ ಫಲಕದಲ್ಲಿ ಗರಿಷ್ಠ ಅಶ್ವಶಕ್ತಿ ಮತ್ತು ತೂಕ ಬರೆದಿರುತ್ತದೆ. ಫಲಕವನ್ನು ಕಿತ್ತಿದ್ದರೆ ಏಕೆ ಕಿತ್ತಿರೆಂದು ಸಂಕೋಚಪಡದೆ ಕೇಳಿ. ಟೂ-ಸ್ಟ್ರೋಕ್ ಕಾಲದ ದೋಣಿಗೆ ಅಷ್ಟೇ ಶಕ್ತಿಯ ಫೋರ್-ಸ್ಟ್ರೋಕ್ ಎಂಜಿನ್ ಕಟ್ಟಿದ್ದರೆ ಅದು ಸಾಮಾನ್ಯವಾಗಿ ಹೆಚ್ಚು ಭಾರವಿರುತ್ತದೆ, ದೋಣಿಯ ಹಿಂಭಾಗ ನೀರಿಗೆ ಇನ್ನಷ್ಟು ತಗ್ಗುತ್ತದೆ. ಆದ್ದರಿಂದ ನಿಂತ ನೀರಿನಲ್ಲಿ ದೋಣಿಯನ್ನು ಕಟ್ಟಿಹಾಕಿ, ಇಂಧನದ ಟ್ಯಾಂಕನ್ನೂ ಬ್ಯಾಟರಿಯನ್ನೂ ಅವುಗಳ ಜಾಗದಲ್ಲಿಟ್ಟು, ಎಂಜಿನ್ ನಡೆಸುವವರು ಹಿಂದಿನ ಆಸನದಲ್ಲಿ ಕುಳಿತಾಗ ಹಿಂಗೋಡೆಯ ಮೇಲಂಚು ನೀರಿಗಿಂತ ಎಷ್ಟು ಮೇಲಿದೆಯೆಂದು ಅಳೆದು ನೋಡಿ. ಹಣ ಎಣಿಸುವುದು ಅದಾದ ಮೇಲೆ.